ಸಹಾಯ ಬೇಕು: ಹಳೇ ಡೆಸ್ಕ್‌ಟಾಪ್‌ನ ಯುಎಸ್‌ಬಿ ಪೋರ್ಟ್‌ಗಳೆಲ್ಲ ಸತ್ತಿವೆ

ಎಲ್ಲರಿಗೂ ನಮಸ್ಕಾರ. ಮನೆಯ ಹಳೇ ಡೆಸ್ಕ್‌ಟಾಪ್‌ನಲ್ಲಿ ಹಿಂದಿನ 4, ಮುಂದಿನ 2 ಯುಎಸ್‌ಬಿ ಪೋರ್ಟ್‌ಗಳು ಒಟ್ಟಿಗೆ ಕೈಕೊಟ್ಟಿವೆ. ಹೋದ ವಾರ ಗುಡುಗು ಮಳೆಗೆ ಕರೆಂಟ್ ಹೋಗಿ ಬಂದಿತ್ತು, ಅವತ್ತಿಂದ ಹೀಗೆ. ಪುಣ್ಯಕ್ಕೆ ಅಟ್ಟದ ಮೇಲೆ ದುಂಡು ಪಿನ್ನಿನ ಪಿಎಸ್/2 ಕೀಬೋರ್ಡ್ ಸಿಕ್ಕಿತು, ಅದರಲ್ಲೇ ಕೆಲಸ ನಡೀತಿದೆ.

ಪ್ಲಗ್ ಕಿತ್ತು ರಾತ್ರಿಯಿಡೀ ಬಿಟ್ಟೆ. ಬಯೋಸ್‌ನಲ್ಲಿ (ಕಂಪ್ಯೂಟರ್ ಶುರುವಾಗುವಾಗ ಬರುವ ಮೂಲ ಸೆಟ್ಟಿಂಗ್ಸ್) ಯುಎಸ್‌ಬಿ ಆನ್ ಇದೆ. ವಿಂಡೋಸ್‌ನ ಡಿವೈಸ್ ಮ್ಯಾನೇಜರ್‌ನಲ್ಲಿ ಯುಎಸ್‌ಬಿ ಕಂಟ್ರೋಲರ್‌ಗಳನ್ನು ಅನ್‌ಇನ್‌ಸ್ಟಾಲ್ ಮಾಡಿ ರೀಸ್ಟಾರ್ಟ್ ಮಾಡಿದೆ. ವಿಂಡೋಸ್ ಬದಲು ಲಿನಕ್ಸ್ ಡಿವಿಡಿಯಿಂದ ಕಂಪ್ಯೂಟರ್ ಶುರು ಮಾಡಿದರೂ ಅದೇ ಕಥೆ, ಹಾಗಾಗಿ ವಿಂಡೋಸ್ ತಪ್ಪಲ್ಲ ಅನ್ಸುತ್ತೆ.

ತಲೆ ಕೆಡ್ತಿರೋದು ಇಲ್ಲಿ: ಮೌಸ್ ಸಿಕ್ಕಿಸಿದರೆ ಅಡಿಯ ಕೆಂಪು ಲೈಟ್ ಹೊತ್ತುತ್ತೆ. ಮಲ್ಟಿಮೀಟರ್ ಕೂಡ 5 ವೋಲ್ಟ್ ತೋರಿಸುತ್ತೆ. ಸ್ಕ್ರೀನ್ ಮೇಲಿನ ಬಾಣ ಮಾತ್ರ ಅಲ್ಲಾಡಲ್ಲ!

ಕರೆಂಟ್ ಬಂದೂ ಡೇಟಾ ಹೋಗ್ತಿಲ್ಲ ಅಂದರೆ ಚಿಪ್‌ಸೆಟ್ಟೇ (ಮದರ್‌ಬೋರ್ಡ್‌ನಲ್ಲಿ ಯುಎಸ್‌ಬಿ ನೋಡಿಕೊಳ್ಳುವ ಚಿಪ್) ಸುಟ್ಟಿದೆಯಾ? ಹಾಗಿದ್ದರೂ ಮದರ್‌ಬೋರ್ಡ್‌ನಲ್ಲಿ ಹೆಚ್ಚುವರಿ ಕಾರ್ಡ್ ಸಿಕ್ಕಿಸಲು ಖಾಲಿ ಇರುವ ಪಿಸಿಐ ಎಕ್ಸ್‌ಪ್ರೆಸ್ ಸ್ಲಾಟ್‌ಗೆ ಯುಎಸ್‌ಬಿ ಕಾರ್ಡ್ ಹಾಕಿದರೆ ನಡೆಯುತ್ತಾ, ಇಲ್ಲಾ ಸುಮ್ನೆ ದುಡ್ಡು ದಂಡವಾ?