ಅದೇ ಸ್ಟ್ಯಾಚ್ಯೂ, ಬೇರೆ ಬಣ್ಣ, ಇನ್ನೂ 900: ಇದು ಲಿಮಿಟೆಡ್ ಎಡಿಷನ್ನಾ?

ಕಪಾಟಿನ ಬೆಳಕು:
ಎರಡು ವರ್ಷದ ಹಿಂದೆ 1979ರ 'ಏಲಿಯನ್' ಸಿನಿಮಾದ ಜೀವಿಯ 1/4 ಸ್ಕೇಲ್ (ನಿಜ ಗಾತ್ರದ ಕಾಲು ಭಾಗ) ಸ್ಟ್ಯಾಚ್ಯೂ ಬುಕ್ ಮಾಡಿದೆ. ಒಟ್ಟು 600 ಮಾತ್ರ ಮಾಡುತ್ತೇವೆ ಎಂದು ಕಂಪನಿ ಹೇಳಿತ್ತು. ಹನ್ನೊಂದು ತಿಂಗಳು ಕಂತು ಕಟ್ಟಿದೆ. ಆಮೇಲೆ ಕೈಗೆ ಸಿಗಲು ಇನ್ನೂ ಆರು ತಿಂಗಳು ಕಾದೆ. ಬೇಸ್ ಕೆಳಗೆ 212/600 ಎಂದು ನಂಬರ್ ಇದೆ. ನಿನ್ನೆ ಅದೇ ಕಂಪನಿ ಹೊಸದೊಂದನ್ನು ಪ್ರಕಟಿಸಿದೆ. ಅದೇ ಭಂಗಿ, ಅದೇ ಬೇಸ್, ಬಣ್ಣ ಮಾತ್ರ ಬೇರೆ. ಸಂಖ್ಯೆ 900. ಇದು ಬೇರೆ ಎಡಿಷನ್ ಅಂತೆ. ಹಾಗಾದರೆ ನಮಗೆ ಕೊಟ್ಟ ಮಾತು ಏನಾಯಿತು? ಮಾರಿಬಿಡೋಣ ಅನ್ನಿಸುತ್ತಿದೆ.

ಅಚ್ಚುಮೆಚ್ಚು:
ಬೇಜಾರಾಗುವುದು ಸಹಜ. ಆದರೆ ಈ ಸಂಖ್ಯೆ ಎಲ್ಲಿಂದ ಬರುತ್ತದೆ ನೋಡಿ. ನಾನು ಕೆಲವು ವರ್ಷ ರೆಸಿನ್ (ದ್ರವವಾಗಿ ಹೊಯ್ದರೆ ಗಟ್ಟಿಯಾಗುವ ಪ್ಲಾಸ್ಟಿಕ್) ಎರಕದ ಕೆಲಸ ಮಾಡಿದ್ದೇನೆ. ಶಿಲ್ಪಿ ಕೈಯಲ್ಲಿ ಮಾಡಿದ ಮೂಲದಿಂದ ಸಿಲಿಕೋನ್ ಅಚ್ಚು ತೆಗೆಯುತ್ತಿದ್ದೆವು. ರೆಸಿನ್ ಗಟ್ಟಿಯಾಗುವಾಗ ಬಿಸಿಯಾಗುತ್ತದೆ. ಒಂದೊಂದು ಎರಕಕ್ಕೂ ಅಚ್ಚು ಸ್ವಲ್ಪ ಸ್ವಲ್ಪವೇ ಗಡುಸಾಗುತ್ತದೆ. ಹತ್ತಾರು ಪ್ರತಿ ತೆಗೆಯುವಷ್ಟರಲ್ಲಿ ಬೆರಳ ತುದಿ, ಹಲ್ಲಿನ ಸಂದಿ ಇಂಥ ಕಡೆ ಅಚ್ಚು ಕಿತ್ತುಹೋಗಲು ಶುರು. ಮತ್ತೆ ಹೊಸ ಅಚ್ಚು. ಹಾಗೆ ಮತ್ತೆ ಮತ್ತೆ ತೆಗೆದರೆ ಮೂಲಕ್ಕೂ ಪೆಟ್ಟು. ಅವತ್ತು ಮಿತಿ ಅನ್ನುವುದು ಕೆಲಸದಲ್ಲೇ ಇತ್ತು. ಈಗ ಶಿಲ್ಪ ಇರುವುದು ಕಂಪ್ಯೂಟರ್ ಫೈಲಿನಲ್ಲಿ. ಬೇಕಾದಾಗ ಹೊಸ ಮೂಲ ಪ್ರಿಂಟ್ ಮಾಡಬಹುದು. ಹಾಗಾಗಿ 600 ಎನ್ನುವುದು ಕಂಪನಿ ತಾನೇ ಹಾಕಿಕೊಂಡ ಗೆರೆ ಅಷ್ಟೆ. ಶಿಲ್ಪ ಇಷ್ಟವಾದರೆ ಕೊಳ್ಳಿ, ನಂಬರ್ ನೋಡಿ ಬೇಡ.

ತಾಮ್ರದ ತಗಡು:
ತಾನೇ ಹಾಕಿಕೊಂಡ ಗೆರೆ ಅಂದಮೇಲೆ ಅದನ್ನು ಇನ್ನೂ ಗಟ್ಟಿಯಾಗಿ ಕಾಯಬೇಕು ಅಲ್ವಾ? ಎಚಿಂಗ್, ಅಂದರೆ ಲೋಹದ ತಗಡಿನಲ್ಲಿ ಚಿತ್ರ ಕೊರೆದು ಕಾಗದಕ್ಕೆ ಮುದ್ರಿಸುವ ಕಲಾವಿದರನ್ನು ನೋಡಿ. ಹೇಳಿದಷ್ಟು ಪ್ರತಿ ತೆಗೆದಮೇಲೆ ತಗಡಿನ ಮೇಲೆ ಅಡ್ಡ ಗೀರು ಎಳೆದುಬಿಡುವ ರೂಢಿ ಇದೆ. ಆಮೇಲೆ ಯಾರು ಮುದ್ರಿಸಿದರೂ ಆ ಗೀರು ಕಾಣುತ್ತದೆ. ಫ್ರಾನ್ಸಿನಲ್ಲಿ ಕಂಚಿನ ಶಿಲ್ಪಕ್ಕೆ ಕಾನೂನಿನಲ್ಲೇ ಮಿತಿ ಇದೆ. ಕಲಾವಿದರ ಪ್ರತಿಗಳೂ ಸೇರಿ 12 ಮಾತ್ರ ಮೂಲ ಕೃತಿ. ಅದಕ್ಕಿಂತ ಹೆಚ್ಚು ಎರಕ ಹೊಯ್ದರೆ ಅದು ನಕಲು ಎಂದೇ ಲೆಕ್ಕ. ಫೈಲಿಗೆ ಗೀರು ಎಳೆಯಲು ಆಗುವುದಿಲ್ಲ, ಒಪ್ಪುತ್ತೇನೆ. ಆದರೆ "ಇದೇ ಶಿಲ್ಪ ಬೇರೆ ಬಣ್ಣದಲ್ಲಿ ಮುಂದೆ ಬರಬಹುದು" ಎಂದು ಮೊದಲ ದಿನವೇ ಬರೆಯಲು ಏನು ಕಷ್ಟ? ಆ ಒಂದು ಸಾಲು ಇದ್ದಿದ್ದರೆ ಇವತ್ತು ಈ ಜಗಳವೇ ಇರುತ್ತಿರಲಿಲ್ಲ.

ಹೊಸ ಕಪಾಟು:
ಆ 900ರಲ್ಲಿ ಒಂದನ್ನು ನಾನು ನಿನ್ನೆ ರಾತ್ರಿಯೇ ಬುಕ್ ಮಾಡಿದ್ದೇನೆ. ಮೊದಲನೆಯದು ಬಂದಾಗ ನನ್ನ ಹತ್ತಿರ ದುಡ್ಡು ಇರಲಿಲ್ಲ. ದುಡ್ಡು ಆದಾಗ ಸ್ಟ್ಯಾಚ್ಯೂ ಇರಲಿಲ್ಲ. ಮಾರುವವರು ಮೂಲ ಬೆಲೆಯ ಎರಡು ಪಟ್ಟು ಕೇಳಿದರು. ಕಳ್ಳ ಅಚ್ಚಿನ ಪ್ರತಿ ಕೊಳ್ಳಲು ಮನಸ್ಸು ಒಪ್ಪಲಿಲ್ಲ. ನನ್ನಂಥವರು ಎಷ್ಟೋ ಜನ ಇದ್ದಾರೆ. ನಮಗೂ ಸಿಕ್ಕಿದ್ದರಿಂದ ನಿಮ್ಮ 212 ಎಲ್ಲೂ ಹೋಗಲಿಲ್ಲವಲ್ಲ. ಇದನ್ನು ಕೋಪದಿಂದ ಹೇಳುತ್ತಿಲ್ಲ.

ಕಪಾಟಿನ ಬೆಳಕು:
ನಿಮ್ಮ ಮೇಲೆ ನನಗೂ ಕೋಪ ಇಲ್ಲ. 900 ಬೇಕಿದ್ದರೆ ಮೊದಲೇ 1500 ಎಂದು ಹೇಳಿದ್ದರೂ ನಾನು ಕೊಳ್ಳುತ್ತಿದ್ದೆ. ನಿಜವಾಗಿ ನೋವಾಗಿರುವುದು ಅದೇ.

ಹಳೇ ರೀಲು:
ಸಂಖ್ಯೆಯ ಮಾತು ಜಾಸ್ತಿಯಾಯಿತು. ಈ ಸ್ಟ್ಯಾಚ್ಯೂಗಳು ಯಾಕೆ ಬೇಕು ಎಂದು ಸ್ವಲ್ಪ ಮಾತಾಡೋಣ. 1927ರ 'ಮೆಟ್ರೊಪೊಲಿಸ್' ಸಿನಿಮಾದ ಯಂತ್ರಮಾನವಿಯ ಉಡುಪನ್ನು ವಾಲ್ಟರ್ ಶುಲ್ಟ್ಸೆ-ಮಿಟೆನ್‌ಡಾರ್ಫ್ ಎಂಬ ಶಿಲ್ಪಿ ಮಾಡಿದರು. ಲೋಹದಂತೆ ಕಂಡರೂ ಅದು ಲೋಹವಲ್ಲ. ಮರದ ಪುಡಿಯ ಕಣಕದಂಥ ಸಾಮಗ್ರಿಗೆ ಬೆಳ್ಳಿಬಣ್ಣ ಹಚ್ಚಿದ್ದು. ಆ ಮೂಲ ಉಡುಪು ಇವತ್ತು ಇಲ್ಲ. ಅದರ ಸುತ್ತ ನಡೆದು ನೋಡಬೇಕೆಂದರೆ ಪ್ರತಿಕೃತಿಗಳೇ ಗತಿ. ಆಮೇಲಿನ ಎಷ್ಟೋ ಸಿನಿಮಾ ಜೀವಿಗಳು ಫೋಮ್ ಲೇಟೆಕ್ಸ್ ಎಂಬ ಸ್ಪಂಜಿನಂಥ ರಬ್ಬರಿನವು. ಅದು ಕೆಲವೇ ದಶಕಗಳಲ್ಲಿ ಒಣಗಿ ಪುಡಿಯಾಗುತ್ತದೆ. ತೆರೆಯ ಮೇಲೆ ಎರಡು ಸೆಕೆಂಡು ಕಂಡದ್ದನ್ನು ಹಿಂದಿನಿಂದ, ಕೆಳಗಿನಿಂದ ನೋಡಲು ಒಳ್ಳೆಯ ಸ್ಟ್ಯಾಚ್ಯೂ ಬಿಟ್ಟು ಬೇರೆ ದಾರಿ ನಮಗೆ ಎಲ್ಲಿದೆ?

ಹಾಗಾಗಿ ಒಂದು ಪ್ರಶ್ನೆ. ಈ ಜೀವಿಯನ್ನು ರೂಪಿಸಿದ ಕಲಾವಿದ ಎಚ್.ಆರ್. ಗೀಗರ್ ಮೊದಲ 'ಏಲಿಯನ್' ಸಿನಿಮಾಕ್ಕೆ ಮಾಡಿದ ತಲೆಯ ಮೇಲೆ ಬೆಳಕು ಹಾಯುವ ಚಿಪ್ಪು ಇತ್ತು. ಅದರ ಒಳಗೆ ತಲೆಬುರುಡೆಯ ಆಕಾರ. 1986ರ ಎರಡನೇ ಸಿನಿಮಾದಲ್ಲಿ ಆ ಚಿಪ್ಪನ್ನೇ ತೆಗೆದು ಏಣುಗಳಿರುವ ತಲೆ ಮಾಡಿದರು. ನಿಮ್ಮ 600ರಲ್ಲಿ ಚಿಪ್ಪು ಹೇಗಿದೆ? ಹೊಸ 900ರಲ್ಲಿ?

ಕಪಾಟಿನ ಬೆಳಕು:
ಈಗ ಎರಡರ ಚಿತ್ರವನ್ನೂ ಪಕ್ಕದಲ್ಲಿಟ್ಟು ನೋಡಿದೆ. ನನ್ನದು ಪಾರದರ್ಶಕ ರೆಸಿನ್. ದೀಪ ಹಾಕಿದರೆ ಒಳಗಿನ ಕಣ್ಣಿನ ಗುಳಿ ಕಾಣುತ್ತದೆ. ಹೊಸದರಲ್ಲಿ ಚಿಪ್ಪಿನ ಮೇಲೆ ಪೂರ್ತಿ ಕಪ್ಪು ಬಣ್ಣ. ಬುರುಡೆ ಕಾಣುವುದೇ ಇಲ್ಲ. ಇಷ್ಟು ದಿನ ಇದನ್ನು ಗಮನಿಸಿಯೇ ಇರಲಿಲ್ಲ, ಯಾವಾಗಲೂ ಬೇಸ್ ಕೆಳಗಿನ ನಂಬರನ್ನೇ ನೋಡುತ್ತಿದ್ದೆ.

ಹೊಸ ಕಪಾಟು:
ನನಗೆ ಆ ಕಪ್ಪೇ ಇಷ್ಟ. ಸಿನಿಮಾದ ಕತ್ತಲಲ್ಲಿ ಬುರುಡೆ ಕಾಣುವುದು ತೀರಾ ಕಡಿಮೆ. ನನ್ನ ಮನಸ್ಸಿನಲ್ಲಿ ಉಳಿದಿರುವುದು ಆ ಹೊಳೆಯುವ ಕಪ್ಪು ತಲೆ.

ಅಚ್ಚುಮೆಚ್ಚು:
ಕಪಾಟಿನವರೇ, ಪಾರದರ್ಶಕ ಚಿಪ್ಪು ಅಂದ್ರಲ್ಲ, ಒಂದು ಮಾತು. ಅದನ್ನು ಬಿಸಿಲು ಬೀಳುವ ಕಿಟಕಿಯ ಹತ್ತಿರ ಇಡಲೇಬೇಡಿ. ನೇರಳಾತೀತ ಕಿರಣಕ್ಕೆ ಇಂಥ ರೆಸಿನ್ ಹಳದಿಯಾಗುತ್ತದೆ, ಮತ್ತೆ ಸರಿಯಾಗುವುದಿಲ್ಲ. ಧೂಳಿಗೆ ಮೃದುವಾದ ಬ್ರಷ್ ಸಾಕು, ಸ್ಪಿರಿಟ್ ಮುಟ್ಟಿಸಬೇಡಿ. ಮೂಲ ಡಬ್ಬ, ಒಳಗಿನ ಥರ್ಮಾಕೋಲ್ ಎರಡೂ ಇಟ್ಟುಕೊಳ್ಳಿ. ಕಲ್ಲಿನ ಪುಡಿ ಬೆರೆಸಿದ ರೆಸಿನ್ ಭಾರ ಜಾಸ್ತಿ, ಆದರೆ ಬಿದ್ದರೆ ಪಿಂಗಾಣಿಯ ಹಾಗೆ ಒಡೆಯುತ್ತದೆ. ಮನೆ ಬದಲಿಸುವಾಗ ಆ ಡಬ್ಬ ಬೇಕೇ ಬೇಕು.

ತಾಮ್ರದ ತಗಡು:
ಎಲ್ಲಾ ಸರಿ. ಆದರೆ ಚಿಪ್ಪು ಚೆನ್ನಾಗಿದೆ ಎಂದು ಕಂಪನಿಯನ್ನು ಸುಮ್ನೆ ಬಿಟ್ಟುಬಿಡುವುದು ನನಗೆ ಒಪ್ಪಿಗೆಯಿಲ್ಲ.

ಕಪಾಟಿನ ಬೆಳಕು:
ನನಗೂ ಇಲ್ಲ. ಮಾರುವುದಿಲ್ಲ, ಅದು ನಿರ್ಧಾರವಾಯಿತು. ಇವತ್ತು ಕಂಪನಿಗೆ ಪತ್ರ ಬರೆಯುತ್ತಿದ್ದೇನೆ. ಎರಡೇ ಪ್ರಶ್ನೆ. ಇದೇ ಶಿಲ್ಪದಿಂದ ಮೂರನೆಯದು ಬರುತ್ತದಾ? ಇನ್ನು ಮುಂದೆ ಬುಕಿಂಗ್ ಪುಟದಲ್ಲೇ ಅದನ್ನು ಬರೆಯುತ್ತೀರಾ? ಜೊತೆಗೆ ಸಹಿ ಹಾಕುವವರು ಹೇಳಿ.

ಹೊಸ ಕಪಾಟು:
ನನ್ನ ಹೆಸರು ಸೇರಿಸಿ. ನನಗೂ 900 ಎಂದೇ ಹೇಳಿದ್ದಾರೆ.