'ಫಾಸ್ಟ್ ಕಾರ್' ನಂಬರ್ 1 ಆಗಿದ್ದಾ, 2 ಆಗಿದ್ದಾ? ದುಡ್ಡು ಯಾರಿಗೆ?

ಎಫ್ಎಂ ಗತಿ:
ನಾನಿರೋದು ನಾರ್ತ್ ಕ್ಯಾರೊಲೈನಾದಲ್ಲಿ. ಆಫೀಸಿಗೆ ದಿನಾ ನಲವತ್ತು ನಿಮಿಷ ಡ್ರೈವ್. ಕಾರಿನ ಬ್ಲೂಟೂತ್ ಕೆಟ್ಟಿದೆ, ಹಾಗಾಗಿ ರೇಡಿಯೋನೇ ಗತಿ. ಕಂಟ್ರಿ (ಅಮೆರಿಕದ ಹಳ್ಳಿಗಾಡಿನ ಶೈಲಿಯ ಸಂಗೀತ) ಸ್ಟೇಷನ್ ಹಾಕಿದರೆ ಗಾಯಕ ಲ್ಯೂಕ್ ಕೂಂಬ್ಸ್ ಮತ್ತೆ ಹಾಡಿರುವ 'ಫಾಸ್ಟ್ ಕಾರ್' ಈಗಲೂ ಆಗಾಗ ಬರುತ್ತೆ. ನಾನು ಗಾಯಕಿ ಟ್ರೇಸಿ ಚಾಪ್ಮನ್ ತಾವೇ ಬರೆದು ಹಾಡಿದ ಮೂಲವನ್ನು ಅಣ್ಣನ ಕ್ಯಾಸೆಟ್‌ನಲ್ಲಿ ಕೇಳಿ ಬೆಳೆದವನು. ಎರಡನೇ ಚರಣದ ಹತ್ತಿರ ಟೇಪ್ ಎಳೆದುಕೊಂಡು ದನಿ ಗೊಗ್ಗರಾಗುತ್ತಿತ್ತು. ಇವತ್ತಿಗೂ ಆ ಜಾಗ ಬಂದಾಗ ಕಿವಿ ಕಾಯುತ್ತೆ.

ಈ ಹೊಸದು ನಂಬರ್ 1 ಆಗಿತ್ತು ಅಂತ ಕೆಲವರು, 2 ಅಂತ ಕೆಲವರು. ಯಾವುದು ಸರಿ? ಇನ್ನೊಂದು, ಹಾಡೋಕೆ ಚಾಪ್ಮನ್ ಒಪ್ಪಿಗೆ ಬೇಕಿತ್ತಾ? ಆಕೆಗೆ ಏನಾದ್ರೂ ಸಿಕ್ಕಿತಾ?

ರೇಡಿಯೋ ಹುಳ:
ಎರಡೂ ಸರಿ ಸಾರ್. ಬಿಲ್‌ಬೋರ್ಡ್ ಹಾಟ್ 100 ಅಂದರೆ ಅಮೆರಿಕದ ಹಿಟ್ ಹಾಡುಗಳ ವಾರದ ಪಟ್ಟಿ, ಅದರಲ್ಲಿ ಸ್ಟ್ರೀಮಿಂಗ್, ಮಾರಾಟ, ರೇಡಿಯೋ ಎಲ್ಲ ಸೇರಿಸಿ ಲೆಕ್ಕ. ಅಲ್ಲಿ 2ಕ್ಕೆ ನಿಂತಿತು. ಮೇಲೆ ಮೋರ್ಗನ್ ವಾಲೆನ್ ಹಾಡೊಂದು ಕೂತುಬಿಟ್ಟಿತ್ತು, ಜಪ್ಪಯ್ಯ ಅಂದರೂ ಏಳಲಿಲ್ಲ. ಕಂಟ್ರಿ ಏರ್‌ಪ್ಲೇ ಅಂತ ಇನ್ನೊಂದು ಪಟ್ಟಿ ಇದೆ, ಅಲ್ಲಿ ಬರೀ ಕಂಟ್ರಿ ಸ್ಟೇಷನ್‌ಗಳ ಲೆಕ್ಕ. 2023ರ ಜುಲೈನಲ್ಲಿ ಅದರಲ್ಲಿ 1. ಚಾಪ್ಮನ್ ಅವರ ಮೂಲ ಹಾಡು 1988ರಲ್ಲಿ ಹಾಟ್ 100ರಲ್ಲಿ 6ರ ತನಕ ಹೋಗಿತ್ತು.

ಕಪ್ಪು ಮಹಿಳೆಯೊಬ್ಬರು ಒಬ್ಬರೇ ಬರೆದ ಹಾಡು ಕಂಟ್ರಿ ರೇಡಿಯೋದಲ್ಲಿ 1 ಆಗಿದ್ದು ಅದೇ ಮೊದಲು. ಅದಕ್ಕೆ 35 ವರ್ಷ, ಜೊತೆಗೆ ಒಬ್ಬ ಬಿಳಿ ಗಂಡಸಿನ ದನಿ ಬೇಕಾಯಿತು. ಹಾಡು ಇಷ್ಟವೇ, ಆದರೆ ಈ ಮಾತು ನನಗೆ ಚುಚ್ಚುತ್ತೆ.

ಒಪ್ಪಿಗೆ ಬೇಡ. ಒಮ್ಮೆ ಹೊರಬಂದ ಹಾಡನ್ನು ಅಮೆರಿಕದಲ್ಲಿ ಯಾರು ಬೇಕಾದರೂ ಮತ್ತೆ ಹಾಡಿ ರೆಕಾರ್ಡ್ ಮಾಡಬಹುದು, ಮೂಲ ಕೆಡಿಸಬಾರದು, ರಾಯಲ್ಟಿ ಕಟ್ಟಬೇಕು. ಮಜಾ ಇರೋದು ನಿಮ್ಮ ಕಾರಿನಲ್ಲೇ. ಅಮೆರಿಕದ ಎಫ್ಎಂನವರು ರಾಯಲ್ಟಿ ಕೊಡೋದು ಬರೆದವರಿಗೆ, ಪಬ್ಲಿಷರ್‌ಗೆ. ಹಾಡಿದವರಿಗೆ ಬಿಡಿಗಾಸೂ ಇಲ್ಲ! ಅಂದರೆ ನೀವು ಕೇಳುವಾಗ ಕೂಂಬ್ಸ್‌ಗೆ ಬರೀ ಹೆಸರು, ಚಾಪ್ಮನ್‌ಗೆ ದುಡ್ಡು.

ಸುಮ್ನೆ ಓದೋಳು:
ಒಂದು ಸೇರಿಸ್ತೀನಿ. ಸ್ಯಾಂಪಲ್, ಅಂದ್ರೆ ಬೇರೆಯವರ ರೆಕಾರ್ಡಿಂಗ್‌ನ ತುಣುಕನ್ನೇ ತೆಗೆದು ಹೊಸ ಹಾಡಿಗೆ ಸೇರಿಸೋದು, ಅದರ ಕಥೆ ಬೇರೆ, ಅದಕ್ಕೆ ಒಪ್ಪಿಗೆ ಬೇಕೇ ಬೇಕು. ಚಾಪ್ಮನ್ ಅದನ್ನ ಸುಲಭಕ್ಕೆ ಕೊಡೋರಲ್ಲ. ಅವರ ಇನ್ನೊಂದು ಹಾಡನ್ನ ರ‍್ಯಾಪ್ ಗಾಯಕಿ ನಿಕಿ ಮಿನಾಜ್ ಬಳಸಿಕೊಂಡಾಗ ಕೋರ್ಟಿಗೆ ಹೋದರು. 2021ರಲ್ಲಿ 4,50,000 ಡಾಲರ್‌ಗೆ ಇತ್ಯರ್ಥ ಆಯ್ತು.

ಈ ಹಾಡಿನ ಅದೃಷ್ಟ ಮೊದಲು ತಿರುಗಿದ್ದೂ ವಿಚಿತ್ರವಾಗಿಯೇ. 1988ರ ಜೂನ್ 11, ಲಂಡನ್ನಿನ ವೆಂಬ್ಲಿಯಲ್ಲಿ ಮಂಡೇಲಾ ಅವರ 70ನೇ ಹುಟ್ಟುಹಬ್ಬದ ಸಂಗೀತ ಕಛೇರಿ. ಹಾಡಬೇಕಿದ್ದ ಗಾಯಕ ಸ್ಟೀವಿ ವಂಡರ್ ಅವರ ವಾದ್ಯದ ಹಾರ್ಡ್ ಡಿಸ್ಕ್ ನಾಪತ್ತೆ, ಆ ಹೊತ್ತು ತುಂಬೋಕೆ ಯಾರಾದ್ರೂ ಬೇಕಿತ್ತು. ಆಗಲೇ ಒಂದು ಸಲ ಹಾಡಿ ಇಳಿದಿದ್ದ ಚಾಪ್ಮನ್ ಅವರನ್ನ ಮತ್ತೆ ವೇದಿಕೆಗೆ ಕಳಿಸಿದರು. ಒಂದು ಗಿಟಾರ್, ಒಂದು ದನಿ, ಅಷ್ಟೇ. ಟಿವಿಯಲ್ಲಿ ನೋಡಿದವರೆಲ್ಲ ರೆಕಾರ್ಡ್ ಅಂಗಡಿಗೆ ಓಡಿದರು.

ಎಫ್ಎಂ ಗತಿ:
ಥ್ಯಾಂಕ್ಸ್ ಇಬ್ಬರಿಗೂ. ಇವತ್ತು ಗಮನ ಇಟ್ಟು ಕೇಳಿದೆ. ಹಾಡಿನಲ್ಲಿ ಬರುವ, ಅಂಗಡಿಯಲ್ಲಿ ಬಿಲ್ ಹಾಕುವ ಹುಡುಗಿಯನ್ನ ಕೂಂಬ್ಸ್ ಹುಡುಗ ಮಾಡಿಲ್ಲ, ಹಾಗೇ ಹಾಡಿದಾನೆ. ಅಷ್ಟಕ್ಕೇ ಅವನ ಮೇಲಿದ್ದ ನನ್ನ ಅರ್ಧ ಸಿಟ್ಟು ಹೋಯ್ತು. 2024ರ ಗ್ರ್ಯಾಮಿಯಲ್ಲಿ ಇಬ್ಬರೂ ಸೇರಿ ಹಾಡಿದ ವಿಡಿಯೋನ ಅಣ್ಣನಿಗೆ ಕಳಿಸಿದೆ. ಕೂಡಲೇ ಫೋನ್ ಬಂತು: 'ಲೋ, ಪಕ್ಕದಲ್ಲಿ ಯಾರೋ ಅದು ಗಡ್ಡದೋನು?'