ದೊಡ್ಡಪ್ಪನಿಗೆ ಉತ್ತರ: ಗೇಮ್ ಸುದ್ದಿ, ಗದ್ದೆ ಸುದ್ದಿ

ದೊಡ್ಡಪ್ಪ, ನಮಸ್ಕಾರ. ಗ್ರೂಪಿನಲ್ಲಿ ಇರುವ ಎಲ್ಲರಿಗೂ ನಮಸ್ಕಾರ. ಬೆಳಿಗ್ಗೆ ನೀವು ಹಾಕಿದ ಪೇಪರ್ ಕಟಿಂಗ್ ನೋಡಿದೆ. "ಒಂದು ಗೇಮ್ ಕಂಪನೀನ 55 ಬಿಲಿಯನ್ ಡಾಲರಿಗೆ ಕೊಂಡ್ಕೊಳ್ತಾರಂತೆ, ಮಕ್ಕಳಾಟಕ್ಕೆ ಇಷ್ಟು ದುಡ್ಡಾ?" ಅಂತ ಕೇಳಿದ್ದೀರಿ. ಅದರ ಕೆಳಗೇ ಅತ್ತೆ, "ಸರ್ಕಾರ ಆನ್‌ಲೈನ್ ಗೇಮ್ ಬ್ಯಾನ್ ಮಾಡಿದೆ, ಮತ್ತೆ ಪುಟ್ಟ ಹ್ಯಾಗೆ ಆಡ್ತಾನೆ?" ಅಂತ ಬರೆದಿದ್ದಾರೆ. ಪುಟ್ಟ ಅಳುವ ಮುಖದ ಇಮೋಜಿ ಹಾಕಿ ಸುಮ್ಮನಾಗಿದ್ದಾನೆ. ಮಧ್ಯಾಹ್ನ ಅಂಗಡಿಯಲ್ಲಿ ಗಿರಾಕಿ ಕಡಿಮೆ, ಅದಕ್ಕೇ ಕೂತು ನಿಧಾನವಾಗಿ ಹೇಳುತ್ತೇನೆ. ಮಧ್ಯೆ ಬಸ್ಸಿನ ಹಾರನ್ ಕೇಳಿಸಿದರೆ ಹೊಂದಿಸಿಕೊಳ್ಳಿ. ಹಾಸನ ಬಸ್ ಸ್ಟ್ಯಾಂಡ್ ಪಕ್ಕದ ಕಂಪ್ಯೂಟರ್ ಅಂಗಡಿ ಅಂದ ಮೇಲೆ ಅದು ಇದ್ದದ್ದೇ.

ಮೊದಲು ದುಡ್ಡಿನ ವಿಷಯ. ಹೌದು ದೊಡ್ಡಪ್ಪ, ಸುದ್ದಿ ನಿಜ. ಎಲೆಕ್ಟ್ರಾನಿಕ್ ಆರ್ಟ್ಸ್ ಅಂತ ಅಮೆರಿಕದ ಕಂಪನಿ, ಎಲ್ಲರೂ ಇಎ ಅನ್ನುತ್ತಾರೆ. ಅದನ್ನು ಕೊಳ್ಳುವುದಾಗಿ 2025ರ ಸೆಪ್ಟೆಂಬರ್‌ನಲ್ಲಿ ಹೇಳಿದರು. ಸೌದಿ ಅರೇಬಿಯಾ ಸರ್ಕಾರದ ಹೂಡಿಕೆ ನಿಧಿ, ಜೊತೆಗೆ ಸಿಲ್ವರ್ ಲೇಕ್, ಅಫಿನಿಟಿ ಪಾರ್ಟ್‌ನರ್ಸ್ ಅಂತ ಇನ್ನೆರಡು ಕಂಪನಿ. 55 ಬಿಲಿಯನ್ ಡಾಲರ್ ಅಂದರೆ ನಮ್ಮ ಲೆಕ್ಕದಲ್ಲಿ 4.9 ಲಕ್ಷ ಕೋಟಿ ರೂಪಾಯಿ ಹತ್ತಿರ ಆಗುತ್ತೆ. ಇಡೀ ಕರ್ನಾಟಕದ 2025-26ರ ಬಜೆಟ್ಟೇ 4.09 ಲಕ್ಷ ಕೋಟಿ. ಲೆಕ್ಕ ಹಾಕಿದಾಗ ನನಗೂ ಒಂದು ಕ್ಷಣ ಉಸಿರು ನಿಂತ ಹಾಗಾಯಿತು.

ಅದರಲ್ಲಿ ಸುಮಾರು 20 ಬಿಲಿಯನ್ ಸಾಲ. ಈ ಸಾಲ ತೀರಬೇಕಾಗಿರುವುದು ಆ ಗೇಮ್ ಕಂಪನಿಯ ದುಡಿಮೆಯಿಂದಲೇ. ನಿಮಗೆ ಇದು ಬೇಗ ಅರ್ಥ ಆಗುತ್ತೆ. ಯಾರೋ ಬ್ಯಾಂಕ್ ಸಾಲ ಮಾಡಿ ತೋಟ ತಗೊಂಡು, ಅದೇ ತೋಟದ ಫಸಲಿನಲ್ಲಿ ಕಂತು ಕಟ್ಟುತ್ತಾರಲ್ಲ, ಹಾಗೆ. ಕಂತಿನ ಭಯಕ್ಕೆ ಗೊಬ್ಬರ ಕಡಿಮೆ ಮಾಡುತ್ತಾರೆ, ರೆಂಬೆ ಸವರುವ ಕೆಲಸ ಮುಂದಕ್ಕೆ ಹಾಕುತ್ತಾರೆ, ಆಳು ಬಿಡಿಸುತ್ತಾರೆ. ಎರಡು ವರ್ಷ ಫಸಲು ಬರುತ್ತೆ, ಮೂರನೇ ವರ್ಷ ಗಿಡ ಸೊರಗುತ್ತೆ. ನಮ್ಮ ಪಕ್ಕದ ತೋಟ ಹಾಗೇ ಆಯಿತಲ್ಲ, ನೀವೇ ತೋರಿಸಿದ್ದಿರಿ. ಆ ಕಂಪನಿಗೂ ಹಾಗೆ ಆಗದಿರಲಿ ಅಂತ ನಿಜವಾಗಿ ಆಸೆ ನನಗೆ.

ಯಾಕೆ ಅಂದರೆ ನಮಗೂ ಅದಕ್ಕೂ ನಂಟಿದೆ. ಅಣ್ಣಂಗೆ ನೆನಪಿರುತ್ತೆ. ಕ್ರಿಕೆಟ್ 07 ಅನ್ನುವ ಕಂಪ್ಯೂಟರ್ ಆಟ ತಂದಿದ್ದು ಇದೇ ಇಎ. ನಾವಿಬ್ಬರೂ ಹಾಸನದ ಸೈಬರ್ ಸೆಂಟರಿನಲ್ಲಿ ಒಂದೇ ಕುರ್ಚಿ ಮೇಲೆ ಅರ್ಧರ್ಧ ಕೂತು ಆಡುತ್ತಿದ್ದೆವು. ಅವನ ಕೈಯಲ್ಲಿ ಬಾಣದ ಗುರುತಿನ ನಾಲ್ಕು ಕೀ, ನನ್ನ ಕೈಯಲ್ಲಿ ಹೊಡೆಯುವ ಕೀ. ಭಾರತ ತಂಡದ ಲೈಸೆನ್ಸ್ ಅವರಿಗೆ ಇರಲಿಲ್ಲ, ಹಾಗಾಗಿ ನಮ್ಮವರ ಹೆಸರೆಲ್ಲ ಬೇರೆ ಬೇರೆ. ನಾವೇ ಒಬ್ಬನನ್ನು ದ್ರಾವಿಡ್ ಅಂತ ಒಪ್ಪಿಕೊಂಡಿದ್ದೆವು. ಅವನು ಔಟಾದರೆ ಅಣ್ಣ ಕೀಬೋರ್ಡ್ ಬಿಟ್ಟು ಎದ್ದು ಹೋಗುತ್ತಿದ್ದ. ಅದರ ನಂತರ ಆ ಕಂಪನಿ ಕಂಪ್ಯೂಟರಿಗೆ ಕ್ರಿಕೆಟ್ ಆಟ ಮಾಡಲೇ ಇಲ್ಲ. ಈಗಲೂ ತಿಂಗಳಿಗೆ ಒಬ್ಬರಾದರೂ ಅಂಗಡಿಗೆ ಬಂದು, "ಆ ಹಳೇ ಕ್ರಿಕೆಟ್ ಗೇಮ್ ಇದೆಯಾ ಅಣ್ಣ?" ಅಂತ ಕೇಳುತ್ತಾರೆ.

ಒಂದು ನಿಮಿಷ ಇರಿ, ಗಿರಾಕಿ ಬಂದರು.

ಹಾಂ, ಬಂದೆ. ಚಾರ್ಜರ್ ತಗೊಂಡು ಹೋದರು.

ಅತ್ತೆ, ಈಗ ನಿಮ್ಮ ಪ್ರಶ್ನೆ. ಸರ್ಕಾರ ಎಲ್ಲ ಗೇಮ್ ನಿಲ್ಲಿಸಿಲ್ಲ. 2025ರ ಆಗಸ್ಟ್‌ನಲ್ಲಿ ಸಂಸತ್ತಿನಲ್ಲಿ ಕಾನೂನು ಪಾಸಾಯಿತು, 22ನೇ ತಾರೀಖು ರಾಷ್ಟ್ರಪತಿಗಳ ಅಂಕಿತವೂ ಬಿತ್ತು. ಆ ಕಾನೂನು ಬೇಡ ಅನ್ನುವುದು ದುಡ್ಡು ಕಟ್ಟಿ ದುಡ್ಡು ಗೆಲ್ಲುವ ಆಟಗಳನ್ನು. ಆನ್‌ಲೈನ್ ರಮ್ಮಿ, ಪೋಕರ್, ದುಡ್ಡು ಕಟ್ಟಿ ಟೀಮ್ ಮಾಡುವ ಫ್ಯಾಂಟಸಿ ಕ್ರಿಕೆಟ್, ಇವೆಲ್ಲ. ನಡೆಸುವವರಿಗೆ 3 ವರ್ಷದ ತನಕ ಜೈಲು, 1 ಕೋಟಿ ತನಕ ದಂಡ. ಆಡಿದವರಿಗೆ ಶಿಕ್ಷೆ ಇಲ್ಲ. ನಮ್ಮ ಕ್ರಿಕೆಟ್ ತಂಡದ ಜೆರ್ಸಿ ಮೇಲಿದ್ದ ಡ್ರೀಮ್11 ಅನ್ನುವ ಫ್ಯಾಂಟಸಿ ಕ್ರಿಕೆಟ್ ಕಂಪನಿಯ ಹೆಸರು ಹೋಗಿದ್ದು ಇದೇ ಕಾರಣಕ್ಕೆ. ಕೌಶಲದ ಮೇಲೆ ಪೈಪೋಟಿ ನಡೆಯುವ ಇ-ಸ್ಪೋರ್ಟ್ಸ್‌ಗೆ ಅದೇ ಕಾನೂನು ಮಾನ್ಯತೆ ಕೊಟ್ಟಿದೆ. ಪುಟ್ಟ ಆಡುವುದರಲ್ಲಿ ಬಾಜಿ ಇಲ್ಲ. ಹಾಗಾಗಿ ನೀವು ಆರಾಮವಾಗಿರಿ.

ಈ ಕಾನೂನು ಬಂದಿದ್ದಕ್ಕೆ ನನಗಂತೂ ಸಮಾಧಾನ. ಅದಕ್ಕೂ ಕೆಲವು ತಿಂಗಳ ಹಿಂದೆ ಒಬ್ಬ ಹುಡುಗ ಅಂಗಡಿಗೆ ಲ್ಯಾಪ್‌ಟಾಪ್ ಮಾರಲು ಬಂದಿದ್ದ. ಕಾಲೇಜಿಗೆ ಅಂತ ಅಪ್ಪ ಕೊಡಿಸಿದ್ದು. ಸ್ಕ್ರೀನ್ ಮೇಲಿನ ಪ್ಲಾಸ್ಟಿಕ್ ಹಾಳೆ ಇನ್ನೂ ಹಾಗೇ ಇತ್ತು, ಒಂದು ಮೂಲೆ ಮಾತ್ರ ಸ್ವಲ್ಪ ಎದ್ದಿತ್ತು. ಯಾವುದೋ ರಮ್ಮಿ ಆಪ್‌ನಲ್ಲಿ ಫೀಸಿನ ದುಡ್ಡು ಕಳೆದುಕೊಂಡಿದ್ದ. ಅದನ್ನು ವಾಪಸ್ ಗೆಲ್ಲಬೇಕು ಅಂತ ಇದನ್ನು ಮಾರಲು ತಂದಿದ್ದ. ನಾನು ತಗೊಳ್ಳಲಿಲ್ಲ. ಟೀ ತರಿಸಿ ಕೂರಿಸಿಕೊಂಡು, ಅಪ್ಪನ ನಂಬರ್ ಕೇಳಿ ಫೋನ್ ಮಾಡಿದೆ. ಅವರು ಬಂದರು, ಬೈಯಲಿಲ್ಲ, ಲ್ಯಾಪ್‌ಟಾಪ್ ಬ್ಯಾಗನ್ನು ತಮ್ಮ ಹೆಗಲಿಗೆ ಹಾಕಿಕೊಂಡು ಮಗನನ್ನು ಕರೆದುಕೊಂಡು ಹೋದರು. ಅದನ್ನು ನೋಡಿದ ಮೇಲೆ ಜೂಜು ಬೇರೆ, ಆಟ ಬೇರೆ ಅಂತ ನಾನು ಎಲ್ಲರಿಗೂ ಹೇಳುತ್ತಲೇ ಇದ್ದೇನೆ. ಎರಡನ್ನೂ ಒಂದೇ ಮೂಟೆಗೆ ಕಟ್ಟಬೇಡಿ ಅತ್ತೆ.

ಆಟದ ಖುಷಿಯ ಸುದ್ದಿ ಪೇಪರಿನಲ್ಲಿ ಅಷ್ಟಾಗಿ ಬರಲ್ಲ, ಅದನ್ನೂ ಕೇಳಿ. ಆಸ್ಟ್ರೇಲಿಯಾದ ಅಡಿಲೇಡ್‌ನಲ್ಲಿ ಟೀಮ್ ಚೆರ್ರಿ ಅಂತ ಒಂದು ಪುಟ್ಟ ತಂಡ ಇದೆ. ಮುಖ್ಯವಾಗಿ ಕೆಲಸ ಮಾಡುವವರು ಮೂರೇ ಜನ. ಸಿಲ್ಕ್‌ಸಾಂಗ್ ಅನ್ನುವ ಆಟ ಮಾಡುತ್ತೇವೆ ಅಂತ 2019ರಲ್ಲಿ ಹೇಳಿದರು. ಜನ ಕಾದರು, ಕಾದರು, ಆರೂವರೆ ವರ್ಷ ಕಾದರು. ಕೊನೆಗೆ 2025ರ ಸೆಪ್ಟೆಂಬರ್ 4ಕ್ಕೆ ಬಂತು. ಎಲ್ಲರೂ ಒಂದೇ ಹೊತ್ತಿಗೆ ಕೊಳ್ಳಲು ಬಂದಿದ್ದಕ್ಕೆ ಆನ್‌ಲೈನ್ ಗೇಮ್ ಅಂಗಡಿಗಳೇ ನಿಂತುಹೋದವು. ಹಾಸನಾಂಬೆ ಬಾಗಿಲು ತೆಗೆದ ಮೇಲೆ ಸಾಲು ಹೇಗೆ ಬೆಳೆಯುತ್ತೆ ಅಂತ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ ಅಲ್ವಾ, ಹಾಗೇ ಅಂದುಕೊಳ್ಳಿ. ಬೆಲೆ ಇಟ್ಟಿದ್ದು 20 ಡಾಲರ್ ಮಾತ್ರ. ಅಷ್ಟು ಬೇಡಿಕೆ ಇದ್ದಾಗ ಮೂರು ಪಟ್ಟು ಇಟ್ಟಿದ್ದರೂ ಜನ ಕೊಡುತ್ತಿದ್ದರು. ಇಡಲಿಲ್ಲ. ನನಗೆ ಅವರ ಮೇಲೆ ಗೌರವ ಜಾಸ್ತಿಯಾಗಿದ್ದು ಅಲ್ಲೇ.

ಅದಕ್ಕೂ ಹಿಂದಿನ ವರ್ಷ ಸೋನಿಯಂಥ ದೊಡ್ಡ ಕಂಪನಿ ಕಾಂಕಾರ್ಡ್ ಅಂತ ಒಂದು ಆಟ ತಂದಿತ್ತು. 2024ರ ಆಗಸ್ಟ್ 23ಕ್ಕೆ ಬಂತು, ಆಡುವವರೇ ಸಿಗಲಿಲ್ಲ, ಸೆಪ್ಟೆಂಬರ್ 6ಕ್ಕೆ ಮುಚ್ಚಿ ಎಲ್ಲರಿಗೂ ದುಡ್ಡು ವಾಪಸ್ ಕೊಟ್ಟರು. ಆಮೇಲೆ ಅದನ್ನು ಮಾಡಿದ ಸ್ಟುಡಿಯೋನೇ ಮುಚ್ಚಿತು. ವರ್ಷಗಟ್ಟಲೆ ದುಡಿದ ಆ ಹುಡುಗ ಹುಡುಗಿಯರನ್ನು ನೆನೆದರೆ ಹೊಟ್ಟೆ ಚುರ್ ಅನ್ನುತ್ತೆ.

ಅಣ್ಣ, ನೀನು ಜಿಟಿಎ 6, ಅಂದರೆ ಗ್ರ್ಯಾಂಡ್ ಥೆಫ್ಟ್ ಆಟೋ ಆಟದ ಹೊಸ ಭಾಗ ಯಾವಾಗ ಅಂತ ಮೊನ್ನೆ ಕೇಳಿದ್ದೆ. ಮೊದಲು 2025 ಅಂದರು, ಆಮೇಲೆ 2026ರ ಮೇ ಅಂದರು, ಈಗ 2026ರ ನವೆಂಬರ್ 19 ಅಂದಿದ್ದಾರೆ. ಹಿಂದಿನದು ಬಂದಿದ್ದು 2013ರಲ್ಲಿ, ಆಗ ಪುಟ್ಟ ಹುಟ್ಟೇ ಇರಲಿಲ್ಲ. ಕೆಲಸ ಚೆನ್ನಾಗಿ ಮುಗಿಸಲು ಹೊತ್ತು ಬೇಕು ಅಂದರೆ ತಗೊಳ್ಳಲಿ ಬಿಡು, ಅರ್ಧ ಬೆಂದ ಅನ್ನ ಬಡಿಸುವುದಕ್ಕಿಂತ ಸ್ವಲ್ಪ ಕಾಯಿರಿ ಅನ್ನುವುದು ವಾಸಿ. ಪುಟ್ಟಾ, ನೀನೂ ಕೇಳಿಸಿಕೋ, ಅದು ದೊಡ್ಡವರ ಆಟ. ನಿನಗೆ 18 ತುಂಬುವ ತನಕ ಆ ಮಾತೇ ಬೇಡ.

ಈಗ ನನಗೆ ತುಂಬಾ ಇಷ್ಟವಾದ ವಿಷಯಕ್ಕೆ ಬರುತ್ತೇನೆ. ದೊಡ್ಡಪ್ಪ, ಕ್ರಿಸ್‌ಮಸ್ ರಜದಲ್ಲಿ ನಾನು ಅರೇಹಳ್ಳಿಗೆ ಬಂದಿದ್ದೆನಲ್ಲ. ಕಣದಲ್ಲಿ ಕಾಫಿ ಒಣಗಲು ಹರಡಿತ್ತು, ನೀವು ಕಾಲಿನಲ್ಲೇ ಹಣ್ಣು ಕೆದಕಿ ಸಾಲು ಬಿಡಿಸಿ ಒಳಗೆ ಬಂದಿರಿ. ಪುಟ್ಟ ಕಂಪ್ಯೂಟರ್ ಮುಂದೆ ಕೂತಿದ್ದ. ಅವನು ಆಡುತ್ತಿದ್ದದ್ದು ಫಾರ್ಮಿಂಗ್ ಸಿಮ್ಯುಲೇಟರ್ 25. ಸ್ವಿಟ್ಜರ್‌ಲೆಂಡಿನವರು ಮಾಡಿದ ಬೇಸಾಯದ ಆಟ, 2024ರ ನವೆಂಬರ್‌ನಲ್ಲಿ ಬಂದಿದ್ದು. ಆ ಸಲ ಹೊಸದಾಗಿ ಭತ್ತದ ಗದ್ದೆ ಸೇರಿಸಿದರು, ಎಮ್ಮೆ ಸೇರಿಸಿದರು. ನೀವು "ಮಣ್ಣು ಮುಟ್ಟದ ಬೇಸಾಯ ಏನು ಬೇಸಾಯನೋ" ಅಂತ ಹೇಳುತ್ತಲೇ ಅವನ ಹಿಂದೆ ನಿಂತಿರಿ.

ಆಮೇಲೆ ಏನಾಯಿತು ಅಂತ ಗ್ರೂಪಿನಲ್ಲಿ ಯಾರಿಗೂ ಗೊತ್ತಿಲ್ಲ, ನಾನು ಹೇಳುತ್ತೇನೆ. ಪುಟ್ಟ ಸಸಿ ತಂದು ನಾಟಿ ಮೆಷಿನ್ನಿಗೆ ಹಾಕುತ್ತಿದ್ದ. ದೊಡ್ಡಪ್ಪ ಬಗ್ಗಿ ನೋಡಿ, "ಸಸಿಮಡಿ ಎಲ್ಲಿ ಮಾಡಿದ್ದೀಯ?" ಅಂದರು. ಅವನು, "ಗ್ರೀನ್‌ಹೌಸಲ್ಲಿ ತಾತ" ಅಂದ. "ಗದ್ದೆಗೆ ನೀರು?" "ಪಂಪ್ ಇದೆ." "ಬದು ಗಟ್ಟಿ ಇದೆಯೇನೋ? ಏಡಿ ತೂತು ಮಾಡಿದ್ದರೆ ನೀರೆಲ್ಲ ಕೆಳಗಿನ ಗದ್ದೆಗೆ ಹೋಗುತ್ತೆ." ಪುಟ್ಟ ತಿರುಗಿ ನೋಡಿದ. ಏಡಿ ಬದು ಕೊರೆಯುತ್ತೆ ಅಂತ ಅವನಿಗೆ ಗೊತ್ತೇ ಇರಲಿಲ್ಲ! ಮನೆ ಹಿಂದೆಯೇ ಗದ್ದೆ ಇದೆ, ಆರನೇ ಕ್ಲಾಸಿನ ಹುಡುಗ, ಯಾರೂ ಹೇಳಿರಲಿಲ್ಲ. ಆಟ ನಿಲ್ಲಿಸಿ, "ಏಡಿ ಎಲ್ಲಿರುತ್ತೆ ತೋರಿಸು ತಾತ" ಅಂತ ಎದ್ದ. ಇಬ್ಬರೂ ಚಪ್ಪಲಿ ಹಾಕದೆ ಗದ್ದೆ ಕಡೆ ಹೋದರು. ಕೊಯ್ಲಾಗಿ ಕೂಳೆ ಮಾತ್ರ ಉಳಿದಿತ್ತು, ಆದರೂ ಬದುವಿನಲ್ಲಿ ತೂತು ಕಾಣುತ್ತಿತ್ತು. ಪುಟ್ಟ ಒಂದು ಕಡ್ಡಿ ತಗೊಂಡು ಎಷ್ಟು ಆಳ ಇದೆ ಅಂತ ಅಳತೆ ಮಾಡಿದ. ಕಡ್ಡಿ ಪೂರ್ತಿ ಒಳಗೆ ಹೋಯಿತು. ವಾಪಸ್ ಬಂದಾಗ ಇಬ್ಬರ ಕಾಲಿಗೂ ಮಣ್ಣು, ಮುಖದಲ್ಲಿ ನಗು. ದೊಡ್ಡಮ್ಮ ಕಾಫಿ ತಂದಾಗ ಮಾತಾಡುತ್ತಿದ್ದದ್ದು ಆಟದ ಎಮ್ಮೆ ಬಗ್ಗೆ. ಆ ಆಟದಲ್ಲಿ ಎಮ್ಮೆ ಹಾಲಿನಿಂದ ಚೀಸ್ ಮಾಡಿ ಮಾರಬಹುದು. "ಮೊಸರು ಮಾಡಲ್ವಾ?" ಅಂತ ದೊಡ್ಡಮ್ಮ ಕೇಳಿದ್ದು ಇನ್ನೂ ಕಿವಿಯಲ್ಲಿದೆ. ಸರಿಯಾದ ಪ್ರಶ್ನೆ ದೊಡ್ಡಮ್ಮ, ಆಟ ಮಾಡಿದವರಿಗೆ ತಲುಪಬೇಕಾದ ಪ್ರಶ್ನೆ.

ನನ್ನ ಹೆಂಡತಿಯೂ ಫೋನಿನಲ್ಲಿ ಒಂದು ಬೇಸಾಯದ ಆಟ ಆಡುತ್ತಾಳೆ, ಸ್ಟಾರ್ಡ್ಯೂ ವ್ಯಾಲಿ ಅಂತ. ಎರಿಕ್ ಬರೋನ್ ಅನ್ನುವ ಅಮೆರಿಕದ ಒಬ್ಬನೇ ಮನುಷ್ಯ ನಾಲ್ಕು ವರ್ಷಕ್ಕೂ ಜಾಸ್ತಿ ಕೂತು ಮಾಡಿದ್ದು. ಚಿತ್ರ ಅವನದೇ, ಸಂಗೀತ ಅವನದೇ, ಕಥೆ ಅವನದೇ. 2016ರಲ್ಲಿ ಬಂದ ಆಟ, 4 ಕೋಟಿಗೂ ಜಾಸ್ತಿ ಪ್ರತಿ ಮಾರಾಟವಾಗಿದೆ. ಅದರಲ್ಲಿ ಆಲೂಗಡ್ಡೆ ಹಾಕಿದರೆ ಆರು ದಿನಕ್ಕೆ ಕೀಳಬಹುದು. ಅಂಗಮಾರಿ ಇಲ್ಲ, ಜಲಂಧರ್‌ನಿಂದ ಬಿತ್ತನೆ ಗಡ್ಡೆ ಬರಲಿ ಅಂತ ಎಪಿಎಂಸಿಯಲ್ಲಿ ಕಾಯುವುದಿಲ್ಲ. ಕಾಫಿಯೂ ಇದೆ! ಬೀಜ ಹಾಕಿದ ಹತ್ತು ದಿನಕ್ಕೆ ಫಸಲು, ಆಮೇಲೆ ಎರಡು ದಿನಕ್ಕೊಮ್ಮೆ ಹಣ್ಣು. ಗಿಡ ನೆಟ್ಟು ಮೂರು ನಾಲ್ಕು ವರ್ಷ ಕಾಯುವ ನಮಗೆ ಇದು ಕನಸಿನ ತೋಟ.

ಆದರೆ ನಾನು ಆ ಎರಿಕ್‌ನನ್ನು ನೆನೆಯುವುದು ಬೇರೆ ಕಾರಣಕ್ಕೆ. ಇಷ್ಟು ವರ್ಷ ಆಟಕ್ಕೆ ಹೊಸ ಹೊಸದು ಸೇರಿಸುತ್ತಲೇ ಬಂದಿದ್ದಾನೆ, ಒಂದಕ್ಕೂ ಮತ್ತೆ ದುಡ್ಡು ಕೇಳಿಲ್ಲ. 2024ರಲ್ಲಿ, ತಾನು ಬದುಕಿರುವ ತನಕ ಕೇಳುವುದೂ ಇಲ್ಲ ಅಂತ ಮನೆತನದ ಹೆಸರಿನ ಮೇಲೆ ಆಣೆ ಮಾಡಿದ. ನಮ್ಮ ಅಜ್ಜ ಮಾತು ಕೊಡುತ್ತಿದ್ದ ರೀತಿ ಅದು. ಕಾಗದ ಪತ್ರ ಇಲ್ಲದೆ, ಜಗಲಿ ಮೇಲೆ ಕೂತು ಕೊಟ್ಟ ಮಾತು. 55 ಬಿಲಿಯನ್ ಸುದ್ದಿಯನ್ನು ನೀವು ಗ್ರೂಪಿಗೆ ಹಾಕಿದಿರಿ, ನಾನು ಈ ಸುದ್ದಿಯನ್ನು ಹಾಕುತ್ತಿದ್ದೇನೆ. ಎರಡೂ ಒಂದೇ ಉದ್ಯಮದ್ದು.

ಇನ್ನು ಪುಟ್ಟನ ಅಳುವ ಇಮೋಜಿ. ಅದು ನನಗೆ ಹಾಕಿದ್ದು, ಬೇರೆ ಯಾರಿಗೂ ಅಲ್ಲ. ಸಂಕ್ರಾಂತಿ ಹೊತ್ತಿಗೆ ಅವನ ಕಂಪ್ಯೂಟರಿಗೆ ಮೆಮೊರಿ ಅಂದರೆ ರ‍್ಯಾಮ್ ಜಾಸ್ತಿ ಮಾಡಿಕೊಡುತ್ತೇನೆ ಅಂತ ಮಾತು ಕೊಟ್ಟಿದ್ದೆ. ದೊಡ್ಡ ಹೊಲ ಆಡುವಾಗ ಟ್ರ್ಯಾಕ್ಟರ್ ತಡವರಿಸುತ್ತೆ ಅಂತ ಅವನ ದೂರು. ಅಷ್ಟರಲ್ಲಿ ರ‍್ಯಾಮ್ ದರ ಎರಡು ಪಟ್ಟು ದಾಟಿತು. ಎಐ ಕಂಪ್ಯೂಟರ್‌ಗಳ ದೊಡ್ಡ ದೊಡ್ಡ ಕೇಂದ್ರ ಕಟ್ಟುತ್ತಿದ್ದಾರಲ್ಲ, ಮೆಮೊರಿ ಚಿಪ್ಪೆಲ್ಲ ಅಲ್ಲಿಗೇ ಹೋಗುತ್ತಿದೆ. ಮೈಕ್ರಾನ್ ಕಂಪನಿಯಂತೂ ನಮ್ಮಂಥ ಅಂಗಡಿಯಲ್ಲಿ ಮಾರುತ್ತಿದ್ದ ಕ್ರೂಷಿಯಲ್ ಹೆಸರಿನ ಮಾಲನ್ನೇ ನಿಲ್ಲಿಸುತ್ತೇವೆ ಅಂತ 2025ರ ಡಿಸೆಂಬರ್‌ನಲ್ಲಿ ಹೇಳಿತು. ಓದುವ ಮಕ್ಕಳು ಬಂದು ದರ ಕೇಳಿ ಸುಮ್ನೆ ವಾಪಸ್ ಹೋಗುವುದನ್ನು ದಿನಾ ನೋಡುತ್ತೇನೆ, ಬೇಜಾರಾಗುತ್ತೆ.

ಪುಟ್ಟಾ, ಕಣ್ಣೊರೆಸಿಕೋ. ನಿನ್ನೆ ಒಬ್ಬರು ಹಳೇ ಕಂಪ್ಯೂಟರ್ ಕೊಟ್ಟು ಹೋದರು, ಬೋರ್ಡ್ ಸುಟ್ಟಿದೆ, ರ‍್ಯಾಮ್ ಚೆನ್ನಾಗಿದೆ. 8 ಜಿಬಿ. ರಬ್ಬರ್ ಹಾಕಿ ಉಜ್ಜಿ, ರಾತ್ರಿಯೆಲ್ಲ ಟೆಸ್ಟಿಗೆ ಬಿಟ್ಟಿದ್ದೆ, ಒಂದೂ ತಪ್ಪು ತೋರಿಸಲಿಲ್ಲ. ನಿನ್ನ ಬೋರ್ಡಿಗೆ ಹೊಂದುತ್ತೆ. ಭಾನುವಾರ ಬೆಳಗಿನ ಬಸ್ಸಿಗೆ ಬರುತ್ತೇನೆ, ನಾನೇ ಹಾಕಿಕೊಡುತ್ತೇನೆ.

ದೊಡ್ಡಪ್ಪ, ಆವತ್ತು ಮಧ್ಯಾಹ್ನ ಕಣದ ಕೆಲಸ ಬೇಗ ಮುಗಿಸಿಕೊಳ್ಳಿ. ಪುಟ್ಟನ ಗದ್ದೆ ನಾಟಿ ಆಗಿದೆ, ನೀರು ಎಷ್ಟು ನಿಲ್ಲಿಸಬೇಕು ಅಂತ ಅವನಿಗೆ ಗೊತ್ತಾಗುತ್ತಿಲ್ಲವಂತೆ. ನಿಮ್ಮನ್ನೇ ಕೇಳಬೇಕು ಅಂತ ಆಟ ಹಾಗೇ ನಿಲ್ಲಿಸಿಟ್ಟಿದ್ದಾನೆ.